ಕಬಿನಿಯ ಎತ್ತರ, ವೇಲಚೇರಿಯ ಹಿತ್ತಿಲು

ನಮ್ಮ ಯಜಮಾನರು ಮಂಡ್ಯದವರು. ಇನ್ಶೂರೆನ್ಸ್ ಕೆಲಸಕ್ಕೆಂದು ಚೆನ್ನೈಗೆ ಬಂದು, ಇಲ್ಲೇ ನಿವೃತ್ತರಾಗಿ, ವೇಲಚೇರಿಯ ಫ್ಲ್ಯಾಟಿನಲ್ಲಿ ನೆಲೆನಿಂತವರು. ಆದರೂ ಮುಂಗಾರು ಶುರುವಾಯಿತೆಂದರೆ ಅವರ ಮನಸ್ಸೆಲ್ಲ ಕನ್ನಂಬಾಡಿ ಕಟ್ಟೆಯ ಮೇಲೆ. ಬೆಳಗ್ಗೆ ಫೋನಿನಲ್ಲಿ ಕನ್ನಡ ಪತ್ರಿಕೆ ತೆರೆದು, ಜಲಾಶಯಗಳ ಮಟ್ಟವನ್ನು ಕ್ರಿಕೆಟ್ ಸ್ಕೋರಿನ ಹಾಗೆ ಗಟ್ಟಿಯಾಗಿ ಓದುತ್ತಾರೆ. ಎದುರು ಮನೆಯವರು ಬ್ಯಾಂಕಿನಿಂದ ನಿವೃತ್ತರಾದ ತಮಿಳರು. ಅವರೂ ತಮ್ಮ ತಮಿಳು ಪತ್ರಿಕೆ ಹಿಡಿದುಕೊಂಡು ಕಾಫಿಗೆ ನಮ್ಮಲ್ಲಿಗೇ ಬರುತ್ತಾರೆ. ಇವರು ಕೆಆರ್‌ಎಸ್ ಎಂದರೆ ಅವರು ಮೆಟ್ಟೂರು, ಚೆನ್ನೈಗೆ ನೀರು ಕೊಡುವ ಚೆಂಬರಂಬಾಕ್ಕಂ ಕೆರೆ ಎನ್ನುತ್ತಾರೆ. ಇಬ್ಬರೂ ಪ್ರಾಣಸ್ನೇಹಿತರು. ನೀರಿನ ವಿಷಯ ಬಂದಾಗ ಮಾತ್ರ ಎರಡು ರಾಜ್ಯ.

ಮಾತಿನಲ್ಲೂ ತೊಡಕಿತ್ತು. ನಮಗೆ ಏರಿ ಎಂದರೆ ಕೆರೆಯ ದಂಡೆ; ಅವರಿಗೆ ಏರಿ ಎಂದರೆ ಕೆರೆಯೇ. ‘ಏರಿ ಫುಲ್ ಆಗಿದೆ’ ಎಂದು ಅವರು ಅಂದರೆ, ‘ಏರಿ ಹೇಗ್ರೀ ಫುಲ್ ಆಗುತ್ತೆ?’ ಎಂದು ಇವರು ನಗುತ್ತಿದ್ದರು. ನಾನು ಹುಟ್ಟಿ ಬೆಳೆದದ್ದೇ ಇಲ್ಲಿ, ಚೆನ್ನೈನ ಪಲ್ಲಾವರಂನಲ್ಲಿ. ಹಾಗಾಗಿ ನಡುವೆ ನಿಂತು ಎರಡೂ ಕಡೆಗೆ ಅರ್ಥ ಹೇಳುವುದು ನನ್ನ ಪಾಲಿನ ಕೆಲಸ.

ಒಂದು ದಿನ ನಮ್ಮವರು ಕಬಿನಿ ತುಂಬಿದ ಸುದ್ದಿ ಓದುತ್ತಿದ್ದರು. ‘ಗರಿಷ್ಠ ಮಟ್ಟ ಎರಡು ಸಾವಿರದ ಇನ್ನೂರ ಎಂಬತ್ತನಾಲ್ಕು ಅಡಿ’ ಎಂದದ್ದೇ ತಡ, ಎದುರು ಮನೆಯವರು ಲೋಟ ಕೆಳಗಿಟ್ಟರು.

“ಎಷ್ಟು ಸಾರ್? ಎರಡು ಸಾವಿರವಾ? ನಮ್ಮ ಮೆಟ್ಟೂರು ತುಂಬಿದರೂ ನೂರಿಪ್ಪತ್ತೇ ಅಡಿ. ಚೆಂಬರಂಬಾಕ್ಕಂ ಇಪ್ಪತ್ತನಾಲ್ಕು. ಅಷ್ಟು ನೀರು ಇಟ್ಟುಕೊಂಡು ನಮಗೆ ಇಲ್ಲ ಅಂತೀರಲ್ಲ!”

ಕೆಆರ್‌ಎಸ್ ನೂರಿಪ್ಪತ್ತನಾಲ್ಕು, ಕಬಿನಿ ಎರಡು ಸಾವಿರ ಚಿಲ್ಲರೆ. ಇಷ್ಟು ವರ್ಷ ಓದಿದ್ದರೇ ಹೊರತು ಯಾಕೆ ಹೀಗೆ ಎಂದು ನಮ್ಮವರೂ ಕೇಳಿಕೊಂಡಿರಲಿಲ್ಲ. ಸೋಲೊಪ್ಪುವುದಕ್ಕೆ ಮನಸ್ಸಿಲ್ಲದೆ, “ನಮ್ಮ ಕಬಿನಿ ಹಾಗೇ, ಆಳ ಜಾಸ್ತಿ” ಎಂದುಬಿಟ್ಟರು.

ಆಫೀಸಿಗೆ ಹೊರಟಿದ್ದ ಮಗಳು ಅಲ್ಲೇ ನಿಂತಳು. ಅವಳು ಸಿವಿಲ್ ಎಂಜಿನಿಯರ್. ರಸ್ತೆ, ಚರಂಡಿಗಳಿಗೆ ಸರ್ವೆ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿ ತೆರೆದರೆ ಬರುವುದು ತಮಿಳು. ಸೀದಾ ಅಡುಗೆಮನೆಗೆ ಹೋಗಿ, ದೊಡ್ಡ ಬೋಗುಣಿ ತುಂಬ ನೀರು ತಂದು ನೆಲದ ಮೇಲಿಟ್ಟಳು. ಒಂದು ಲೋಟದಲ್ಲಿ ಒಂದಿಷ್ಟು ನೀರು ಹಾಕಿ ಫ್ರಿಜ್ಜಿನ ಮೇಲಿಟ್ಟಳು.

“ಅಂಕಲ್, ಎದು ಹೈಟ್?” ಎಂದಳು. ಯಾವುದು ಎತ್ತರದಲ್ಲಿದೆ ಅಂತ.

“ಲೋಟ.”

“ನೀರು ಯಾವುದರಲ್ಲಿ ಜಾಸ್ತಿ?” ಅದೂ ತಮಿಳಿನಲ್ಲೇ.

“ಬೋಗುಣೀಲಿ.” ಇದಕ್ಕೆ ನಮ್ಮವರೇ ಉತ್ತರ ಕೊಟ್ಟರು.

ಕಬಿನಿಯ ಲೆಕ್ಕ ಸಮುದ್ರಮಟ್ಟದಿಂದ, ಕೆಆರ್‌ಎಸ್ಸಿನದು, ಮೆಟ್ಟೂರಿನದು ತಂತಮ್ಮ ಬುಡದಿಂದ ಎಂದು ಅವಳು ಬಿಡಿಸಿ ಹೇಳಿದಳು. ಸಮುದ್ರದಿಂದಲೇ ಅಳೆದರೆ ಕೆಆರ್‌ಎಸ್ಸಿನ ನೀರು ಕಬಿನಿಗಿಂತ ಮೇಲಿದೆಯಂತೆ. ಚೆಂಬರಂಬಾಕ್ಕಂ ಕೂಡ ಹಾಗೆ ಅಳೆದರೆ ಎಂಬತ್ತು ಅಡಿ ದಾಟುತ್ತದಂತೆ. ಎತ್ತರ ಬೇರೆ, ಆಳ ಬೇರೆ, ಹಿಡಿಯುವ ನೀರು ಬೇರೆ. ಇಬ್ಬರೂ ಬೋಗುಣಿಯನ್ನೇ ನೋಡುತ್ತ ಕೂತರು. ಆಮೇಲೆ ಎದುರು ಮನೆಯವರು ಮೆಲ್ಲಗೆ ಕೇಳಿದರು:

“ಸರಿಯಮ್ಮಾ, ಹಾಗಾದರೆ ನಾವು ಎಷ್ಟು ಎತ್ತರದಲ್ಲಿದ್ದೀವಿ? ನಮ್ಮ ಬಿಲ್ಡಿಂಗು?”

ಅದು ನಗುವ ಪ್ರಶ್ನೆಯಾಗಿರಲಿಲ್ಲ. ನಮ್ಮ ಬಿಲ್ಡಿಂಗಿಗೆ ಮಳೆಗಾಲದಲ್ಲಿ ನೀರು ನುಗ್ಗುವುದು ಹೊಸದಲ್ಲ. ನುಗ್ಗಿದಾಗೆಲ್ಲ ಕೆಳಗಿನ ಕರೆಂಟ್ ಬೋರ್ಡು, ನೀರಿನ ಮೋಟಾರು ಹಾಳಾಗಿ ದಿನಗಟ್ಟಲೆ ಮೇಣದಬತ್ತಿ, ಬಕೆಟ್ಟು. ಈ ಸಲ ಮುಂದಿನ ಕಾಂಪೌಂಡ್ ಗೋಡೆ ಎತ್ತರಿಸಿ, ಗೇಟಿನ ಬಳಿ ಸಿಮೆಂಟಿನ ದಿಬ್ಬ ಕಟ್ಟುವುದೆಂದು ನಿವಾಸಿಗಳ ಸಂಘ ಆಗಲೇ ತೀರ್ಮಾನಿಸಿತ್ತು.

“ಅಳೆದು ನೋಡೋಣ” ಎಂದಳು ಮಗಳು.

ಆಫೀಸಿನಲ್ಲಿ ಕೇಳಿ, ಭಾನುವಾರ ನೆಲದ ಏರಿಳಿತ ಅಳೆಯುವ ಲೆವೆಲ್ ಯಂತ್ರ ತಂದಳು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರುವ ಪುಟ್ಟ ದುರ್ಬೀನು ಅದು. ಜೊತೆಗೆ ಕೆಂಪು ಕಪ್ಪು ಗೀಟುಗಳ ಉದ್ದನೆಯ ಅಳತೆಕೋಲು. ಹತ್ತಿರದ ಸೇತುವೆಯ ಮೇಲೆ ಸಮುದ್ರಮಟ್ಟದಿಂದ ಎಷ್ಟು ಎತ್ತರವೆಂದು ಗೊತ್ತಿದ್ದ ಒಂದು ಗುರುತಿತ್ತು. ಅಲ್ಲಿಂದ ಶುರುಮಾಡಿ ನಮ್ಮ ಬಿಲ್ಡಿಂಗಿಗೆ ಹತ್ತಿರದ ವೇಲಚೇರಿ ಕೆರೆಯ ಕೋಡಿಗೆ, ಕೋಡಿಯಿಂದ ನಮ್ಮ ಬೀದಿಗೆ, ಬೀದಿಯಿಂದ ಹಿತ್ತಿಲಿಗೆ. ಕೋಲು ಹಿಡಿದವರು ನಮ್ಮ ಯಜಮಾನರು. “ಅಪ್ಪಾ, ನೇರಾ ಪಿಡಿಂಗ” ಎಂದು ಅವಳು ಕೂಗಿದಾಗೆಲ್ಲ ಅವರು ಶಾಲೆಯ ಹುಡುಗನಂತೆ ನೆಟ್ಟಗಾಗುತ್ತಿದ್ದರು. ಎದುರು ಮನೆಯವರು ಕೊಡೆ ಹಿಡಿದು ಹಿಂದೆಯೇ ನಡೆದರು. ಬಿಸಿಲಿಗೆ ಅವಳ ಮುಖ ಕೆಂಪಾಗಿತ್ತು. ನಾನು ಮಜ್ಜಿಗೆ ಕೊಂಡೊಯ್ದರೆ, “ಇರಮ್ಮಾ, ಈ ರೀಡಿಂಗ್ ಮುಗೀಲಿ” ಎಂದು ಕನ್ನಡದಲ್ಲೇ ಗದರಿದಳು. ನನಗೆ ಅದೂ ಸಿಹಿಯೇ.

ಸಂಜೆ ಸಂಘದ ಸಭೆ. ಅವಳು ಹೇಳಿದ್ದು ಇಷ್ಟೇ. ನಮ್ಮ ಹಿತ್ತಿಲು ಮುಂದಿನ ಬೀದಿಗಿಂತ ತಗ್ಗು. ಕೆರೆ ಕೋಡಿ ಬೀಳುವ ಮಟ್ಟಕ್ಕಿಂತಲೂ ತಗ್ಗು. ಕೆರೆ ತುಂಬಿದರೆ ನೀರು ಹಿಂದಿನ ಚರಂಡಿಯಲ್ಲಿ ಹಿಮ್ಮುಖವಾಗಿ ಏರಿ ಹಿತ್ತಿಲಿಗೇ ಬರುತ್ತದೆ. ಮುಂದೆ ಗೋಡೆ ಕಟ್ಟಿದರೆ ಬಂದ ನೀರು ಹೊರಗೆ ಹೋಗದೆ ಒಳಗೇ ನಿಲ್ಲುತ್ತದೆ.

ಸಂಘದ ಕಾರ್ಯದರ್ಶಿ ಒಪ್ಪಲಿಲ್ಲ. “ಎಷ್ಟು ವರ್ಷದಿಂದ ನೋಡ್ತಿದ್ದೀವಿ ಮಗೂ, ನೀರು ಬೀದಿಯಿಂದಲೇ ಬರೋದು.”

“ಬರೋದನ್ನ ನೋಡಿದ್ದೀರಾ ಅಂಕಲ್, ಬಂದ ಮೇಲೆ ನೋಡಿದ್ದೀರಾ?”

ನೀರು ಮೊಣಕಾಲಿಗೆ ಬಂದ ಮೇಲೆ ಎಲ್ಲಿಂದ ಬಂತೆಂದು ನೋಡುವ ವ್ಯವಧಾನ ಯಾರಿಗಿತ್ತು? ಅವಳು ಕಾರ್ಯದರ್ಶಿಗಳನ್ನು ಹೊರಗೆ ಕರೆದೊಯ್ದು, ದುರ್ಬೀನಿನಲ್ಲಿ ಅವರೇ ನೋಡುವಂತೆ ಮಾಡಿದಳು. ಮೊದಲು ಗೇಟಿನ ಬಳಿ ಕೋಲು, ಆಮೇಲೆ ಹಿತ್ತಿಲಲ್ಲಿ. ಹಿತ್ತಿಲಲ್ಲಿ ಕೋಲಿನ ಮೇಲೆ ಕಂಡ ಅಂಕಿ ದೊಡ್ಡದು, ಅಂದರೆ ನೆಲ ಅಷ್ಟು ತಗ್ಗು. ಅವರು ಎರಡೆರಡು ಸಲ ಕಣ್ಣೊರೆಸಿಕೊಂಡು ನೋಡಿದರು. “ಹೌದು ಕಣಮ್ಮಾ” ಎಂದರು. ದೊಡ್ಡ ಮನಸ್ಸಿನವರು. ವಾಪಸ್ ಬಂದು, ಗೋಡೆಯ ಯೋಜನೆಯನ್ನು ತಾವೇ ಕೈಬಿಟ್ಟರು. ಕರೆಂಟ್ ಬೋರ್ಡು, ಮೋಟಾರು ಎರಡನ್ನೂ ಎತ್ತರದ ಕಟ್ಟೆಯ ಮೇಲೆ ಕೂರಿಸುವುದು, ಹಿಂದಿನ ಚರಂಡಿ ಬಾಯಿಗೆ ನೀರು ಹೊರಗೆ ಮಾತ್ರ ಬಿಡುವ ಮುಚ್ಚಳ ಹಾಕಿಸುವುದು ಎಂದಾಯಿತು. ಕಟ್ಟೆ ಎಷ್ಟೆತ್ತರ ಇರಬೇಕೆಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಟೆಳೆದವಳು ನನ್ನ ಮಗಳು.

ದೀಪಾವಳಿ ಕಳೆದ ಮೇಲೆ ಚಂಡಮಾರುತದ ಮಳೆ ಹಿಡಿಯಿತು. ಊರವರೆಲ್ಲ ಎಂದಿನಂತೆ, ಮುಳುಗದಿರಲೆಂದು, ಕಾರುಗಳನ್ನು ಫ್ಲೈಓವರ್ ಮೇಲೆ ನಿಲ್ಲಿಸಿ ಬಂದರು. ಕೆರೆ ತುಂಬಿತು. ನಾವು ಕೆಲವರು ಮೆಟ್ಟಿಲ ಮೇಲೆ ನಿಂತು ಹಿತ್ತಿಲನ್ನೇ ನೋಡುತ್ತಿದ್ದೆವು. ಮುಚ್ಚಳ ಬಹಳ ಹೊತ್ತು ತಡೆಯಿತು. ಆಮೇಲೆ ಹಿಂದಿನ ಗೋಡೆಯ ಸಂದುಗಳಿಂದ ಕಂದು ನೀರು ಒಸರತೊಡಗಿತು. ಬೀದಿ ಇನ್ನೂ ಬರೀ ಒದ್ದೆಯಾಗಿತ್ತು.

“ಹಿಂದಿನಿಂದಲೇ!” ಎಂದು ಕಾರ್ಯದರ್ಶಿಗಳು ಕೂಗಿದರು. ನೀರು ಬಂದದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ನೋಡಿಲ್ಲ.

ನೀರು ಏರಿತು, ಕಟ್ಟೆಯ ಅರ್ಧಕ್ಕೆ ಬಂದು ನಿಂತಿತು. ಸುರಕ್ಷತೆಗೆಂದು ಇಡೀ ಬಡಾವಣೆಗೆ ಕರೆಂಟು ತೆಗೆದಿದ್ದರು. ಮರಳಿ ಕೊಟ್ಟಾಗ ನಮ್ಮ ಮೋಟಾರು ತಕ್ಷಣ ಓಡಿತು. ಅಕ್ಕಪಕ್ಕದ ಬಿಲ್ಡಿಂಗಿನವರು ಕೊಡ ಹಿಡಿದು ನಮ್ಮಲ್ಲಿಗೆ ಬಂದರು. ಎದುರು ಮನೆಯವರು ನಲ್ಲಿಯ ಪಕ್ಕ ನಿಂತು, ಬಂದವರಿಗೆಲ್ಲ, “ನಮ್ಮ ಮನೆ ಹುಡುಗಿ ಲೆವೆಲ್ ನೋಡಿ ಹೇಳಿದ್ದು” ಎನ್ನುತ್ತಿದ್ದರು. ಕಾವೇರಿಯ ವಿಷಯಕ್ಕೆ ನಮ್ಮೊಡನೆ ಜಗಳವಾಡುವ ಆ ಮನುಷ್ಯನ ಬಾಯಲ್ಲಿ ‘ನಮ್ಮ ಮನೆ’ ಎಂಬ ಮಾತು ಕೇಳಿ, ನಾನು ಮೇಲೆ ಹೋಗಿ ಅವರಿಗೆ ಕಾಫಿ ತಂದುಕೊಟ್ಟೆ.

ಅಷ್ಟರಲ್ಲಿ ಮೈಸೂರಿನಿಂದ ನಮ್ಮ ಅತ್ತೆಯ ಫೋನು. ಟೀವಿ ನೋಡಿ ಗಾಬರಿಯಾಗಿದ್ದರು. ಮಗಳೇ ಫೋನು ತೆಗೆದುಕೊಂಡಳು. “ಅಜ್ಜೀ, ಭಯ ಬೇಡ. ನೀರು ಕೆಳಗಡೆ ಇದೆ, ನಾವು ಮೇಲ್ಗಡೆ ಇದ್ದೀವಿ. ನಾನೇ ಅಳತೆ ಮಾಡಿದ್ದೀನಿ” ಎಂದಳು. ತಡವರಿಸಿದ ಕನ್ನಡ, ಆದರೆ ಒಂದು ತಮಿಳು ಪದವೂ ಇಲ್ಲ. ಆ ಕಡೆಯಿಂದ ಅತ್ತೆ ಏನಂದರೋ, ಅವಳು ಜೋರಾಗಿ ನಕ್ಕಳು.

ಮಳೆ ನಿಂತ ಮೇಲೆ ಪಕ್ಕದ ಬೀದಿಯವರು ಬಂದು ತಮ್ಮ ಕಡೆಯೂ ಅಳೆದು ಕೊಡಬೇಕೆಂದು ಕೇಳಿಕೊಂಡರು. ಮುಂದಿನ ಭಾನುವಾರ ಅಪ್ಪ, ಮಗಳು ಹೊರಟರು. ಅವಳ ಹೆಗಲ ಮೇಲೆ ಸ್ಟ್ಯಾಂಡು, ಅವರ ಹೆಗಲ ಮೇಲೆ ಕೋಲು. ಬೀದಿ ತಿರುವಿನಲ್ಲಿ ಯಾರೋ ನಮ್ಮವರನ್ನು ತಡೆದು ಎಲ್ಲಿಗೆ ಎಂದು ವಿಚಾರಿಸಿದರು. ಬಾಲ್ಕನಿಯಲ್ಲಿದ್ದ ನನಗೂ ಕೇಳಿಸುವಷ್ಟು ದೊಡ್ಡ ದನಿಯಲ್ಲಿ ಅವರು ತಮಿಳಿನಲ್ಲಿ ಉತ್ತರ ಕೊಟ್ಟರು:

“ಎಂಜಿನಿಯರ್ ಮೇಡಂ ಜೊತೆ ಡ್ಯೂಟಿ!”