ಮಾಳಿಗೆ ಕೊಟ್ಟವರ ಪಾಲು

ಶಾವಿಗೆ ಹೊಸೆಯುವ ದಿನ ನಮ್ಮ ಅತ್ತೆಯ ಎದುರು ಯಾರೂ ಬಾಯಿ ಬಿಡುವ ಹಾಗಿರಲಿಲ್ಲ. "ಮಾತಾಡಿದ್ರ ಎಳಿ ಹರೀತೈತಿ" ಅನ್ನುವುದು ಅವರ ಶಾಸ್ತ್ರ. ಆ ಶಾಸ್ತ್ರ ನಮಗೆ ಮಾತ್ರ, ಅವರಿಗಲ್ಲ. ಇಳಿಜಾರು ಮಣೆಯ ಮೇಲೆ ಹಿಟ್ಟು ಇಟ್ಟು, ಅಂಗೈಯಲ್ಲಿ ಹೊಸೆಯುತ್ತ, ಕೂದಲಿನಷ್ಟು ಸಣ್ಣ ಎಳೆ ಎಳೆದು ಕೋಲಿಗೆ ಇಳಿಬಿಡುತ್ತ ಊರವರನ್ನೆಲ್ಲ ಬೈಯುತ್ತಿದ್ದರು. ಎಳೆ ಮಾತ್ರ ಹರಿಯುತ್ತಿರಲಿಲ್ಲ. ಸುತ್ತಲ ಊರುಗಳಲ್ಲಿ ಮದುವೆ ಗೊತ್ತಾದರೆ ಮೊದಲು ಅವರಿಗೇ ಹೇಳಿ ಕಳಿಸುತ್ತಿದ್ದರು. ಅದೇ ಅವರ ದುಡಿಮೆ, ಅದೇ ಅವರ ಠೇಂಕಾರ.

ಊರ ಹೆಸರು ಬೇಡ. ಸಂಡೂರಿನ ಗುಡ್ಡದಿಂದ ಹೊಸಪೇಟೆ ಕಡೆಗೆ ಬರುವ ದಾರಿಯ ಊರು ಅಂದರೆ ಸಾಕು. ನನ್ನ ಗಂಡ ಟಿ.ಬಿ. ಡ್ಯಾಮಿನ ಕಾಲುವೆ ಆಫೀಸಿನಲ್ಲಿ ಗುಮಾಸ್ತ. ದಿನಾ ಬಸ್ಸಿನಲ್ಲಿ ಹೋಗಿ ಬರುವ ಮನುಷ್ಯ. ಮನೆಯಲ್ಲಿ ಉಳಿಯುತ್ತಿದ್ದವರು ಅತ್ತೆ, ನಾದಿನಿ, ನಾನು. ಮೂರು ಜನ ಹೆಂಗಸರು, ಒಂದು ಮಾಳಿಗೆ.

ಮಾಳಿಗೆಯ ವಿಷಯ ಹೇಳಲೇಬೇಕು. ನಮ್ಮ ಊರಲ್ಲಿ ಬೇಸಿಗೆ ಬಂತೆಂದರೆ ಮಾಳಿಗೆ ಮನೆಯವರದಷ್ಟೇ ಅಲ್ಲ. ಬಿಸಿಲು ಚೆನ್ನಾಗಿ ಬೀಳುವ ಮಾಳಿಗೆ ಯಾರದೋ ಅಲ್ಲಿ ಎಲ್ಲರೂ ಹಪ್ಪಳ, ಸಂಡಿಗೆ, ಶಾವಿಗೆ ಒಣಹಾಕುವವರೇ. ಕೇಳಿದರೆ ಇಲ್ಲ ಅನ್ನಬಾರದು. ಒಣಗಿದ ಮೇಲೆ ಮಾಳಿಗೆ ಕೊಟ್ಟವರಿಗೆ ಒಂದು ಬೊಗಸೆ ಪಾಲು ಕೊಡಬೇಕು. ಅವರು ಬ್ಯಾಡ ಅನ್ನಬಾರದು. ಬಡವರು, ಸಾಹುಕಾರರು, ಯಾರಾದರೂ ಸರಿ.

ಅಂಥ ಊರಿಗೆ ಅದಿರಿನ ಲಾರಿ ಬಂದವು. ಯಾವುದೋ ದೇಶದವರಿಗೆ ನಮ್ಮ ಗುಡ್ಡ ಬೇಕಾಯಿತಂತೆ! ಬೇಕಾದವರು ಬಂದು ಒಯ್ಯಲಿ, ನಮ್ಮದೇನು ತಕರಾರು? ಆದರೆ ದೊಡ್ಡ ರಸ್ತೆಯಲ್ಲಿ ಲಾರಿಗಳ ಸಾಲು ಒಂದರ ಹಿಂದೊಂದು ನಿಂತು, ಮುಂದೆ ಹೋಗಲು ಜಾಗವಿಲ್ಲದೆ, ಡ್ರೈವರುಗಳು ನಮ್ಮ ಓಣಿಯ ಒಳದಾರಿ ಹಿಡಿದರು. ತಲೆ ಮೇಲೆ ತಾಡಪಾಲು ಇಲ್ಲ, ಮೈತುಂಬ ಅದಿರು. ಗುಂಡಿ ಬಂದಲ್ಲೆಲ್ಲ ಎಗರಿ ಒಂದು ಬುಟ್ಟಿ ಕೆಂಪು ಮಣ್ಣು ಚೆಲ್ಲಿ ಹೋಗುವವು. ಬೇವಿನ ಮರ ಕೆಂಪು, ಎಮ್ಮೆಯ ಬೆನ್ನು ಕೆಂಪು, ಒಗೆದು ಹಾಕಿದ ಗಂಡನ ಬಿಳಿ ಅಂಗಿ ಕೆಂಪು. ಆಫೀಸಿನಲ್ಲಿ ಅವರನ್ನು "ಏನ್ರೀ, ಹೋಳಿ ಇನ್ನೂ ಮುಗಿದಿಲ್ಲೇನ್ರಿ?" ಅಂತ ಕಾಡಿಸುತ್ತಿದ್ದರಂತೆ. ಅವರು ನಕ್ಕು ಸುಮ್ಮನಾಗುವ ಜಾತಿ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಬೇಸಿಗೆ ಅತ್ತೆ ಹೊಸೆದ ಮೊದಲ ಶಾವಿಗೆ ಒಣಗುವಷ್ಟರಲ್ಲಿ ಇಟ್ಟಂಗಿ ಬಣ್ಣಕ್ಕೆ ತಿರುಗಿತು. ಸೀರೆ ಮುಚ್ಚಿ ನೋಡಿದರು. ಮುಚ್ಚಿದರೆ ಗಾಳಿ ಆಡದೆ ಹುಳಿ ವಾಸನೆ. ತೆಗೆದರೆ ಧೂಳು. ಒಂದು ಮದುವೆ ಮನೆಯವರು ಒಯ್ದ ಬುಟ್ಟಿಯನ್ನು ತಿರುಗಿ ತಂದಿಟ್ಟರು. "ತಪ್ಪು ತಿಳೀಬ್ಯಾಡ್ರಿ ದೊಡ್ಡವ್ವಾರ, ಹಲ್ಲಾಗ ಕರಕರ ಅಂತೈತಿ" ಅಂದರು. ಅತ್ತೆ ಬುಟ್ಟಿಯನ್ನು ಒಳಗೆ ಎತ್ತಿಟ್ಟರು. ಆ ದಿನ ಅವರು ಬೈಯದೇ ಇದ್ದದ್ದು ನೋಡಿ ನನಗೆ ಹೆದರಿಕೆಯಾಯಿತು.

ಅದಕ್ಕಿಂತ ದೊಡ್ಡ ಚಿಂತೆ ಮನೆಯೊಳಗೇ ಇತ್ತು. ನಾದಿನಿಯ ಮದುವೆ ಕಂಪ್ಲಿಯವರ ಜೊತೆ ಗೊತ್ತಾಗಿತ್ತು. ಗಂಡಿನ ಮನೆಗೆ ಹೋದ ಮೇಲೆ ಮದುಮಗಳು ತವರಿನಿಂದ ಒಯ್ದ ಶಾವಿಗೆಯನ್ನು ಬಸಿದು, ಹಾಲು ಸಕ್ಕರೆ ಹಾಕಿ ತನ್ನ ಕೈಯಿಂದ ಬಡಿಸಬೇಕು. ಊರವರ ಮಕ್ಕಳಿಗೆಲ್ಲ ಶಾವಿಗೆ ಹೊಸೆದು ಕಳಿಸಿದವರು ಸ್ವಂತ ಮಗಳಿಗೆ ಅಂಗಡಿಯ ಪ್ಯಾಕೆಟ್ಟು ಕಟ್ಟಿ ಕಳಿಸುವುದೇ? ಹಿಂದಿನ ವರ್ಷದ, ಧೂಳು ಬರುವ ಮೊದಲಿನ ಶಾವಿಗೆ ಒಂದು ಡಬ್ಬಿಯಷ್ಟು ಉಳಿದಿತ್ತು. ಅದನ್ನು ಬಟ್ಟೆ ಕಟ್ಟಿ ದೇವರ ಗೂಡಿನ ಪಕ್ಕ ಇಟ್ಟಿದ್ದರು. "ಏನೂ ಆಗಲಿಲ್ಲಂದ್ರ ಇದಾದ್ರೂ ಐತಿ" ಅನ್ನುತ್ತಿದ್ದರು. ಹೊಸದಾಗಿ ಮತ್ತೆ ಹೊಸೆಯಲು ನಮಗೆ ನಾಲ್ಕು ದಿನ ಧೂಳಿಲ್ಲದ ಬಿಸಿಲು ಬೇಕಿತ್ತು. ಕೇಳಿದ್ದು ಅಷ್ಟೇ.

ಗ್ರಾಮಸಭೆ ಶಾಲೆಯ ಅಂಗಳದಲ್ಲಿ ಕೂಡಿತು. ನಾನು ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಹೋದೆ. ಗಂಡಸರು ಚರಂಡಿ, ಬೀದಿ ದೀಪ, ಬೋರ್‌ವೆಲ್ ಕೇಳಿ ಮುಗಿಸಿದ ಮೇಲೆ ಎದ್ದು ನಿಂತೆ. "ಲಾರಿ ನಮ್ಮ ಓಣ್ಯಾಗ ಯಾಕ ಬರಬೇಕ್ರಿ? ತಾಡಪಾಲು ಯಾಕ ಹೊದಸಂಗಿಲ್ರಿ? ನಿಲ್ಲಸ್ರಿ ಅಂತ ಅನ್ನಂಗಿಲ್ಲ, ಬಿಸಿಲಿದ್ದಷ್ಟು ಹೊತ್ತಾದ್ರೂ ದೊಡ್ಡ ರಸ್ತೆ ಮ್ಯಾಲೆ ಹೋಗಲಿ" ಅಂದೆ.

ನಮ್ಮ ಓಣಿಯ ಮೆಂಬರು ಕುರ್ಚಿಯಿಂದ ಅರ್ಧ ಎದ್ದ. ಸಾಲ ಮಾಡಿ ಲಾರಿ ತಗೊಂಡವರಲ್ಲಿ ಅವನೂ ಒಬ್ಬ. "ಅಕ್ಕಾರ, ಲಾರಿ ನಿಂತ್ರ ಊರೇ ನಿಂತಂಗ. ನನ್ನ ಲಾರಿ ಅಂತ ಹೇಳಾಕತ್ತಿಲ್ಲ ಮತ್ತ" ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ಅಧ್ಯಕ್ಷರು ಮಾತ್ರ ಮೆತ್ತಗಿನ ಮನುಷ್ಯ. ಊರಾಚೆ ಕೆರೆ ಕಡೆಗೆ ಹೊಸ ಮನೆ ಕಟ್ಟಿಸಿಕೊಂಡಿದ್ದರು. "ಸಿಟ್ಟಿಗೇಳಬ್ಯಾಡ ತಂಗೀ, ಬಂದು ಕಣ್ಣಿಲೆ ನೋಡ್ತೀವಿ, ಆಮ್ಯಾಲ ಮಾತಾಡೋಣಂತ" ಅಂದರು.

ನೋಡಲು ಬರುವ ದಿನ ಮೆಂಬರಿಗೆ ಮೊದಲೇ ಗೊತ್ತಿರುವುದಿಲ್ಲವೇ? ಹಿಂದೊಮ್ಮೆ ಹೀಗೇ ಆಗಿತ್ತು. ತಾಲೂಕು ಆಫೀಸಿನವರು ನೋಡಲು ಬರುವ ದಿನ ಬೆಳಿಗ್ಗೆ ಟ್ಯಾಂಕರಿನಿಂದ ಓಣಿಗೆ ನೀರು ಹೊಡೆಸಿ, ಲಾರಿಗಳನ್ನು ಊರಾಚೆ ನಿಲ್ಲಿಸಿಬಿಟ್ಟಿದ್ದ. ಕುಡಿಯಲು ಬಿಡದ ನೀರು ರಸ್ತೆಗೆ! ಈ ಸಲವೂ ಅದೇ ಆಟ ಆಡುತ್ತಾನೆ ಅಂತ ನಾನೊಂದು ಉಪಾಯ ಹೂಡಿದೆ. ರಸ್ತೆಯನ್ನು ತೊಳೆಯಬಹುದು, ಶಾವಿಗೆಯನ್ನು ತೊಳೆಯಲಾದೀತೇ? ಬಂದವರನ್ನು ಕಟ್ಟೆಯ ಮೇಲೆ ಕೂಡಿಸಿ, ತಿರುಗಿ ಬಂದ ಆ ಬುಟ್ಟಿಯ ಕೆಂಪು ಶಾವಿಗೆಯನ್ನೇ ಬಸಿದು, ಬಿಳಿ ಪಿಂಗಾಣಿ ಬಸಿಯಲ್ಲಿ ಹಾಲು ಹಾಕಿ ಕೊಡುವುದು. ಹಲ್ಲಲ್ಲಿ ಕರಕರ ಅಂದಾಗ ಅವರ ಮುಖ ನೋಡುವುದು. ಓಣಿಯವರೆಲ್ಲ "ಭಾಳ ಮಸ್ತ್ ಐತಿ ನೋಡು" ಅಂದರು. ಅಡುಗೆ ಅತ್ತೆಯದು. ಅವರು ಹೂಂ ಅಂದರು, ಊಹೂಂ ಅನ್ನಲಿಲ್ಲ.

ಬಂದರು. ಅಧ್ಯಕ್ಷರು, ಪಂಚಾಯಿತಿ ಸೆಕ್ರೆಟರಿ, ಮೆಂಬರು. ಅಂದುಕೊಂಡ ಹಾಗೇ ಓಣಿ ಒದ್ದೆ, ಒಂದು ಲಾರಿಯಿಲ್ಲ. "ಎಲ್ಲೈತ್ರಿ ಧೂಳು?" ಅಂತ ಮೆಂಬರು ಹಲ್ಲು ಕಿರಿದ. ನಾನು "ಮೊದಲ ಕುಂದ್ರಿ, ಬಾಯಿ ಸಿಹಿ ಮಾಡ್ಕೊಳ್ರಿ" ಅಂದೆ. ಅತ್ತೆ ಒಳಗಿನಿಂದ ಬಸಿಗಳನ್ನು ತಂದು ಕೊಟ್ಟರು. ನಾವೆಲ್ಲ ಅವರ ಬಾಯನ್ನೇ ನೋಡುತ್ತ ನಿಂತೆವು.

ಅಧ್ಯಕ್ಷರು ಒಂದು ತುತ್ತು ತಿಂದರು. ಇನ್ನೊಂದು ತಿಂದರು. ಕಣ್ಣು ಅರಳಿತು. "ಆಹಾ! ಏನ್ ಶಾವಿಗಿ ಯವ್ವಾ! ನಮ್ಮವ್ವ ಮಾಡ್ತಿದ್ದಂಗ ಐತಿ, ಇನ್ನೊಂದೀಟು ಹಾಕ್ರಿ" ಅಂದರು. ಬಗ್ಗಿ ನೋಡಿದೆ. ಬಸಿಯಲ್ಲಿ ಮಲ್ಲಿಗೆ ಮೊಗ್ಗಿನಂಥ ಶಾವಿಗೆ! ಮೆಂಬರು ಬಿಟ್ಟಾನೆಯೇ? ಬಸಿ ಎತ್ತಿ ಎಲ್ಲರಿಗೂ ತೋರಿಸಿದ. "ನೋಡ್ರಪಾ, ಇಂಥ ಬೆಳ್ಳನ ಶಾವಿಗಿ ಒಣಗೋ ಓಣ್ಯಾಗ ಧೂಳಂತ, ಧೂಳು!" ಸೆಕ್ರೆಟರಿ ತನ್ನ ಪಾಡಿಗೆ ತಾನು 'ಧೂಳಿನ ತೊಂದರೆ ಕಂಡುಬರಲಿಲ್ಲ' ಅಂತ ಬರೆದುಕೊಂಡ. ಎರಡು ಸಲ ಹಾಕಿಸಿಕೊಂಡು ಉಂಡು, ಎಲೆ ಅಡಿಕೆ ಹಾಕಿಕೊಂಡು ಹೋದರು.

ನಾನು ಅಡುಗೆಮನೆಗೆ ನುಗ್ಗಿದೆ. ದೇವರ ಗೂಡಿನ ಪಕ್ಕದ ಡಬ್ಬಿ ಒಲೆಯ ಮುಂದೆ ಖಾಲಿ ಬಿದ್ದಿತ್ತು.

"ಏನ್ ಮಾಡಿಬಿಟ್ರಿ ಅತ್ತೀ! ಮಗಳಿಗೆ ಇಟ್ಟಿದ್ದನ್ನ ಅವರಿಗೆ ಸುರುವಿದ್ರಲ್ರೀ!"

ಅತ್ತೆ ಪಾತ್ರೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಕೆಂಪಂದೇ ಬಸೀಬೇಕಂತ ಎಸರಿಟ್ಟಿದ್ದೆವ್ವಾ. ಕೈ ಬರಲಿಲ್ಲ. ಮನಿ ಕಟ್ಟಿ ಮ್ಯಾಲೆ ಕುಂತವರಿಗೆ ಮಣ್ಣು ಉಣಸಂತೀಯೇನು? ಅವರು ಎಂಥವರಾದ್ರೂ ಇರಲಿ."

"ಮತ್ತ ನಮ್ಮ ಹುಡುಗಿ?"

ನಾದಿನಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. "ಪ್ಯಾಕೆಟ್ಟೇ ಒಯ್ತೀನಿ ಬಿಡವ್ವ, ಅದಕ್ಯಾಕ ಇಷ್ಟು" ಅಂದಳು. ಆಗ ಅತ್ತೆ ಅತ್ತರು. ಮಾವ ತೀರಿಕೊಂಡಾಗ ಬಿಟ್ಟರೆ ನಾನು ಅವರು ಅತ್ತದ್ದು ನೋಡಿದ್ದು ಅದೇ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಹಿಟ್ಟು ನಾದಿ, ಮಣೆ ಹೆಗಲಿಗೇರಿಸಿ, "ಕೋಲು ತಗೊಂಡು ಬಾ" ಅಂದರು. ಹೋದದ್ದು ಎಲ್ಲಿಗೆ? ಅಧ್ಯಕ್ಷರ ಮನೆಗೆ! ಬಾಗಿಲಿಗೆ ಬಂದ ಅಧ್ಯಕ್ಷರ ಹೆಂಡತಿಗೆ "ತಂಗೀ, ನಮ್ಮ ಮಾಳಿಗಿ ಕೆಟ್ಟೈತಿ. ಮಗಳ ಮದಿವಿ ಶಾವಿಗಿ ಒಣಹಾಕಬೇಕು, ನಿಮ್ಮ ಮಾಳಿಗಿ ಕೊಡ್ರಿ" ಅಂದರು. ಮದುವೆ ಶಾವಿಗೆ ಅಂದ ಮೇಲೆ ಯಾರು ಇಲ್ಲ ಅಂತಾರೆ? ಆ ಹೆಂಗಸು ತಾನೇ ಮಾಳಿಗೆ ಗುಡಿಸಿಕೊಟ್ಟು, ನಮಗೆ ಮಜ್ಜಿಗೆ ಕೊಟ್ಟು, ಒಂದೆರಡು ಎಳೆ ತಾನೂ ಎಳೆದಳು. ಅತ್ತೆಯಲ್ಲಿ ಯಾವ ಕುತಂತ್ರವೂ ಇರಲಿಲ್ಲ, ನನ್ನಾಣೆ. ಕೆರೆ ಕಡೆ ಧೂಳಿಲ್ಲ ಅಂತ ನಿಜವಾಗಿಯೂ ನಂಬಿ ಬಂದಿದ್ದರು. ನಾವೆಲ್ಲರೂ ಹಾಗೇ ನಂಬಿದ್ದೆವು.

ಗಾಳಿಗೆ ಯಾವ ಓಣಿ, ಯಾವ ಕೆರೆ? ಒಣಗಿದ ಶಾವಿಗೆಯನ್ನು ಕೋಲಿನಿಂದ ಇಳಿಸುವಾಗ ಅದೂ ಕೆಂಪಗಿತ್ತು. ನಮ್ಮ ಓಣಿಯಷ್ಟಿಲ್ಲ, ಆದರೂ ಕೆಂಪು. ಅತ್ತೆ ನೋಡಿ, ಕೈಯಲ್ಲಿ ತಿಕ್ಕಿ, ನಿಟ್ಟುಸಿರು ಬಿಟ್ಟು ಬುಟ್ಟಿಗೆ ತುಂಬಿದರು. "ಪಾಲು ಕೊಡಂಗಿಲ್ಲವ್ವಾ, ಚಲೋ ಆಗಿಲ್ಲ" ಅಂದರು. ಆ ಹೆಂಗಸು ಕೇಳಬೇಕಲ್ಲ! "ಮದಿವಿ ಶಾವಿಗಿ ಪಾಲು ಬಿಟ್ರ ನನಗ ಒಳ್ಳೇದಾದೀತಾ?" ಅಂತ ಬೊಗಸೆಯೊಡ್ಡಿ ಇಸಿದುಕೊಂಡಳು. ಅದನ್ನೇ ಅಂದು ರಾತ್ರಿ ಊಟಕ್ಕೆ ಗಂಡನಿಗೆ ಬಡಿಸಿದಳಂತೆ. ಅಧ್ಯಕ್ಷರಿಗೆ ಹಲ್ಲಲ್ಲಿ ಕರಕರ ಅಂದದ್ದು ಅವರ ಮನೆಯಲ್ಲಿ, ಅವರ ತಟ್ಟೆಯಲ್ಲಿ. ಆಕೆ ಮಾಳಿಗೆಗೆ ಹೋಗಿ ಗೋಡೆ ಸವರಿದಳಂತೆ, ನೀರಿನ ತೊಟ್ಟಿಯಲ್ಲಿ ಕೈಯಾಡಿಸಿದಳಂತೆ, ಎಲ್ಲೆಲ್ಲೂ ಕೆಂಪು. ಆಮೇಲೆ ಗಂಡನಿಗೆ ಏನೇನಂದಳೋ ಶಿವನೇ ಬಲ್ಲ.

ಮೆಂಬರು ಎಷ್ಟು ಕೂಗಾಡಿದರೂ ಆ ವಾರ ಪಂಚಾಯಿತಿಯಲ್ಲಿ ಠರಾವಾಯಿತು: ಹಗಲಲ್ಲಿ ನಮ್ಮ ಓಣಿಗೆ ಲಾರಿ ಬರಕೂಡದು. ಓಣಿಯ ಬಾಯಿಗೆ ಅಡ್ಡ ಒಂದು ಬಿದಿರಿನ ಗಳ ಕಟ್ಟಿದರು. ನಾವು ಮಾಳಿಗೆ ತೊಳೆದೆವು. ಕೊಡಗಟ್ಟಲೆ ಕೆಂಪು ನೀರು ಹರಿದು ಹೋಗಿ ಕೊನೆಗೆ ಗಚ್ಚಿನ ನೆಲ ಕಂಡಿತು. ಅತ್ತೆ ಮಣೆ ಹಾಕಿ ಕೂತರು, ಬೈಯಲು ಸುರುಮಾಡಿದರು. ಅವರ ಬೈಗುಳ ಕೇಳಿ ನನಗೆ ಅಷ್ಟು ಹಿಗ್ಗು ಯಾವತ್ತೂ ಆಗಿರಲಿಲ್ಲ. ಆ ನಾಲ್ಕು ದಿನ ಗಾಳಿಯೂ ನಮ್ಮ ಕಡೆ ಬೀಸಲಿಲ್ಲ, ಕೋಲಿನ ತುಂಬ ಶಾವಿಗೆ ಬೆಳ್ಳಗೆ ಒಣಗಿತು.

ಬುಟ್ಟಿಗೆ ತುಂಬುತ್ತಿರುವಾಗ ಕೆಳಗೆ ಯಾರೋ ಕೂಗಿದರು. ಹಿಂದಿನ ಓಣಿಯ ಹೆಂಗಸು. ಆಕೆಯ ತಲೆಯ ಮೇಲೆ ಹಿಟ್ಟಿನ ಬುಟ್ಟಿ, ಪಕ್ಕದಲ್ಲಿ ಮದುವೆ ಗೊತ್ತಾದ ಮಗಳು. ಇಬ್ಬರ ಕೂದಲೂ ಕೆಂಪು.

"ದೊಡ್ಡವ್ವಾರ, ನಿಮ್ಮ ಮಾಳಿಗಿ ಕೊಡ್ತೀರೇನ್ರಿ? ಲಾರಿ ಈಗ ನಮ್ಮ ಓಣ್ಯಾಗ ಹೊಂಟಾವು. ಒಣಹಾಕಿದ್ದೆಲ್ಲ ಕೆಟ್ಟುಹೋತು. ನಾಳೆ ಚಪ್ಪರ ಐತ್ರಿ, ಇವತ್ತೊಂದಿನದಾಗ ಎಷ್ಟು ಒಣಗಿದ್ರ ಅಷ್ಟು."

ಅಯ್ಯೋ, ನಮಗೆ ಹೊಳೆದೇ ಇರಲಿಲ್ಲ! ಗಳ ಕಟ್ಟಿದರೆ ಲಾರಿ ಗುಡ್ಡಕ್ಕೆ ತಿರುಗಿ ಹೋಗುತ್ತದೆಯೇ? ಸಭೆಯಲ್ಲಿ ಅಷ್ಟು ಪ್ರಶ್ನೆ ಕೇಳಿದ ನಾನು, ನಮ್ಮ ಓಣಿ ಬಿಟ್ಟರೆ ಎಲ್ಲಿಗೆ ಹೋಗುತ್ತವೆ ಅನ್ನುವ ಒಂದನ್ನು ಕೇಳಿರಲಿಲ್ಲ.

ಅತ್ತೆ ಆ ಹುಡುಗಿಯನ್ನು ನೋಡಿದರು. ತಮ್ಮ ಬುಟ್ಟಿಯನ್ನು ನೋಡಿದರು. "ನಮ್ಮಾಕಿದು ಬೆಳ್ಳಗಾಗಾಕ ಇಕಿದು ಕೆಂಪಾತೇನವಾ" ಅಂದರು. ನನಗೆ ಅಂದದ್ದೋ, ತಮಗೇ ಅಂದುಕೊಂಡದ್ದೋ ತಿಳಿಯಲಿಲ್ಲ. ಒಂದು ದಿನದಲ್ಲಿ ಮದುವೆ ಶಾವಿಗೆ ಒಣಗುವುದಿಲ್ಲ ಅಂತ ಅವರಿಗೆ ಗೊತ್ತಿಲ್ಲದ್ದಲ್ಲ. ಆ ಹುಡುಗಿಯ ಸೆರಗು ಹಿಡಿಸಿ ತಮ್ಮ ಬುಟ್ಟಿಯಿಂದ ಬೊಗಸೆ ಬೊಗಸೆ ಸುರಿದರು. ನಾದಿನಿ ಪಕ್ಕದಲ್ಲಿ ನಿಂತು "ಇನ್ನಷ್ಟು ಹಾಕವ್ವ" ಅಂದಳು. ಆಮೇಲೆ ಅತ್ತೆ ಕೈ ಝಾಡಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಕಡೆ ತಿರುಗಿದರು. "ಸಭೆ ಮತ್ತ ಯಾವಾಗೈತಿ? ಈ ಸಲ ನಾನು ಬರ್ತೀನಿ."

ಬಂದರು. ಹಿಂದಿನ ಓಣಿಯವರನ್ನೂ ಕರೆದುಕೊಂಡು, ಎಲ್ಲರಿಗಿಂತ ಮುಂದೆ ಕೂತರು. ಅಷ್ಟರಲ್ಲಿ ನಮ್ಮ ಮನೆಯ ಮದುವೆಯೂ ಮುಗಿದಿತ್ತು. ನಾದಿನಿ ಕಂಪ್ಲಿಗೆ ಅರ್ಧ ಬುಟ್ಟಿ ಶಾವಿಗೆ ಒಯ್ದಿದ್ದಳು.