ಅಂಪೈರ್ ಮೇಷ್ಟ್ರ ಎಡಗಡೆ

ಚನ್ನಬಸಪ್ಪ ಮೇಷ್ಟ್ರು ತಮ್ಮ ಮೇಲೆ ತಾವೇ ಫೌಲ್ ಕೊಟ್ಟುಕೊಳ್ಳುತ್ತಿದ್ದ ಮನುಷ್ಯ. ಸಂತೆಯಲ್ಲಿ ಯಾರ ಕಾಲನ್ನಾದರೂ ತುಳಿದರೆ ತಕ್ಷಣ ಕೈಯೆತ್ತಿ, "ನಂದೇ ಫೌಲ್ರೀ" ಎನ್ನುತ್ತಿದ್ದರು. ಶಿಕಾರಿಪುರದಲ್ಲಿ ನಮಗೆ ಪಿ.ಟಿ. ಕಲಿಸಿದವರು, ಸುತ್ತಲಿನ ವಾಲಿಬಾಲ್ ಪಂದ್ಯಗಳಿಗೆಲ್ಲ ಅವರೇ ಅಂಪೈರ್. ನಾನೋ ಚರ್ಚಾಸ್ಪರ್ಧೆಗಳಲ್ಲಿ ಕಪ್ ಹೊಡೆಯುತ್ತಿದ್ದವಳು. ಅಂಕಣದಲ್ಲೂ ಅವರ ಪ್ರತಿ ತೀರ್ಪಿಗೂ ತಕರಾರು ತೆಗೆಯುತ್ತಿದ್ದೆ. "ಲಾಯರಮ್ಮ, ವಾದ ಮುಗೀತಾ? ಮುಗಿದ್ರೆ ಸರ್ವಿಸ್ ಮಾಡು," ಎನ್ನುವರು.

ನಿವೃತ್ತರಾದ ಮರುವರ್ಷ ಅವರಿಗೆ ಸ್ಟ್ರೋಕ್ ಆಯಿತು. ಕೈಕಾಲು ಉಳಿದವು, ಎರಡೂ ಕಣ್ಣಿಗೆ ಎಡಗಡೆಯ ನೋಟ ಹೋಯಿತು. ಕಣ್ಣು ಚೆನ್ನಾಗಿಯೇ ಇದೆ, ಮಿದುಳಿನಲ್ಲಿ ನೋಡುವ ಜಾಗಕ್ಕೆ ಪೆಟ್ಟಾಗಿದೆ ಎಂದರು ಡಾಕ್ಟರು. ಮನೆಗೆ ಬಂದ ದಿನವೇ ಮೇಷ್ಟ್ರು ಊಟಕ್ಕೆ ಕೂತು, "ಇವತ್ತು ಪಲ್ಯ ಮಾಡಿಲ್ಲೇನೇ?" ಎಂದರಂತೆ. "ತಟ್ಟೆ ತಿರುಗಿಸ್ರೀ!" ಎಂದರಂತೆ ಹೆಂಡತಿ.

ಅದಕ್ಕೆಲ್ಲ ಅವರೂ ನಗುತ್ತಿದ್ದರು. ಆದರೆ ಅರ್ಧ ಅಂಕಣ ಕಾಣದವನು ತೀರ್ಪು ಕೊಡಬಾರದೆಂದು ಅಂಪೈರಿಂಗ್ ಬಿಟ್ಟಾಗ ಮಾತ್ರ ನಗಲಿಲ್ಲ. ಇನ್ನೊಂದೇ ಒಂದು ಸಲ, ತಾವೇ ಕಣ್ಣಾರೆ ಕಂಡು "ಔಟ್" ಎನ್ನಬೇಕು ಎಂಬುದು ಅವರ ಆಸೆ.

ನಗರದ ಆಸ್ಪತ್ರೆಯೊಂದರಲ್ಲಿ ಇದಕ್ಕೊಂದು ಪ್ರಯೋಗ ನಡೆಯುತ್ತಿತ್ತು. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ, ತಲೆಯ ಹಿಂದೆ ಒದ್ದೆ ಸ್ಪಂಜಿನ ಪಟ್ಟಿ ಕಟ್ಟಿ ಸಣ್ಣಗೆ ಕರೆಂಟ್ ಹರಿಸುತ್ತಾರೆ. ಎದುರಿನ ಪರದೆಯಲ್ಲಿ ಬೆಳಕಿನ ಚುಕ್ಕಿ ಕಂಡಾಗ ಗುಂಡಿ ಒತ್ತಬೇಕು. ಮೇಷ್ಟ್ರು ಜೊತೆಗೆ ನನ್ನನ್ನು ಕರೆದರು. "ಡಾಕ್ಟ್ರು ಅಂದಿದ್ದಕ್ಕೆಲ್ಲ ಹೂಂ ಅನ್ನೋರು ಮನೇಲಿ ಬೇಕಾದಷ್ಟು ಅದಾರೆ. ಜಗಳ ಆಡಾಕೆ ನೀ ಬಾ."

ಆಡಿದೆ. ಕೆಲವರಿಗೆ ನಿಜವಾದ ಕರೆಂಟ್, ಕೆಲವರಿಗೆ ತೋರಿಕೆಯದು, ಯಾರಿಗೆ ಯಾವುದೆಂದು ಮೊದಲೇ ಹೇಳುವುದಿಲ್ಲ ಎಂದು ಡಾಕ್ಟರ ಬಾಯಿ ಬಿಡಿಸಿದೆ. "ಸರ್, ನಿಮಗೆ ಕಟ್ಟಿದ್ದು ಬರೀ ನಾಟಕದ ಪಟ್ಟಿ ಇರಬಹುದು," ಎಂದೆ.

"ಇರ್ಲಿ ಬಿಡು. ಯಾರು ಗೆಲ್ತಾರೆ ಅಂತ ಮೊದ್ಲೇ ಗೊತ್ತಿದ್ರೆ ಮ್ಯಾಚ್ ಯಾಕೆ ಆಡಿಸ್ಬೇಕು?"

ಕೆಲವು ವಾರಗಳ ಮೇಲೆ, "ಕೆಳಗೆ, ಎಡಕ್ಕೆ, ಒಂಚೂರು ತೆರೆದಂಗೈತೆ," ಎಂದರು. ನಾನು ಸುಮ್ಮನೆ ನಂಬುವವಳೇ? ಗೋಡೆಯ ಮೊಳೆಯನ್ನೇ ನೋಡಲು ಹೇಳಿ ಅವರ ಎಡಕ್ಕೆ ಬೆರಳೆತ್ತಿದೆ. "ಮೂರು," ಎಂದರು. ಸರಿಯಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರ ಕೈ ಮೇಲೆದ್ದಿತು: "ಮೊಳೆ ಬಿಟ್ಟು ಕಣ್ಣು ಜಾರ್ತು. ಪಾಯಿಂಟ್ ವಾಪಸ್."

ಅವರನ್ನು ಕಡೆಯ ಸಲ ಕಂಡದ್ದು ಸೊರಬದಲ್ಲಿ, ನಮ್ಮ ತಂಡದ ಅಭ್ಯಾಸದ ಆಟದಲ್ಲಿ. ಮರುತಿಂಗಳು ಹೃದಯಾಘಾತದಿಂದ ತೀರಿಕೊಂಡರು. ಕಟ್ಟಿದ್ದು ಯಾವ ಪಟ್ಟಿ ಎಂಬುದು ಅವರಿಗೂ ತಿಳಿಯಲಿಲ್ಲ, ನನಗೂ. ಸೊರಬದ ಆ ಆಟದ ದಿನ, "ಕಪ್‌ಗೆ ಆಡೋ ಆಟ ಅಲ್ವಲ್ಲ, ಒಂದ್ಸಲ ಲೈನ್ ನೋಡಾಕೆ ನಿಲ್ತೀನಿ," ಎಂದು ಮೂಲೆಗೆ ಹೋಗಿ ನಿಂತರು. ಅಂಕಣ ಅವರ ಬಲಕ್ಕೆ, ಹೊರಗಿನ ನೆಲ ಎಡಕ್ಕೆ. ನಾನು ಹೊಡೆದ ಚೆಂಡು ಗೆರೆಯ ಹತ್ತಿರ ಬಿತ್ತು.

"ಔಟ್!"

"ಸರ್, ನಿಮಗೆ ಕಾಣೋ ಬಲಗಡೆ ಚೆಂಡು ಬೀಳಲಿಲ್ಲ, ಅದಕ್ಕೇ ಔಟ್ ಅಂದ್ರಿ. ಅದು ನೋಡಿದ್ದಲ್ಲ, ಊಹೆ!"

ಆಟ ನಿಂತಿತು. ನನ್ನ ತಂಡದವರೇ ನನ್ನನ್ನು ದುರುಗುಟ್ಟಿ ನೋಡಿದರು. ಮೇಷ್ಟ್ರು ಮಾತ್ರ ಮೊದಲಿನಿಂದ ನೆಟ್ಟಿದ್ದ ದೃಷ್ಟಿಯನ್ನು ಎದುರಿನ ನೆಟ್ ಕಂಬದಿಂದ ಕದಲಿಸಲಿಲ್ಲ.

"ಗೆರೆಯಿಂದ ನಾಕ್ ಬೆರಳು ಹೊರಗೆ. ಅಲ್ಲೊಂದು ಹಣ್ಣೆಲೆ ಇತ್ತು, ಚೆಂಡು ತಾಗಿ ಮಗುಚ್ಕೊಂತು. ಈಗ ನೀ ಹೇಳು."

ಹೋಗಿ ನೋಡಿದೆ. ಎಲೆ ಅಲ್ಲೇ ಮಗುಚಿ ಬಿದ್ದಿತ್ತು. ನೋಟ ಮರಳಿತೆನ್ನಲು ಒಂದು ಚೆಂಡು ಪುರಾವೆಯಾಗದು ಎಂದು ನಾನು ಇವತ್ತಿಗೂ ವಾದಿಸಬಲ್ಲೆ. ಆಗ ಮಾತ್ರ, "ಔಟ್ ಸರ್," ಎಂದೆ.

"ಜೋರಾಗಿ ಹೇಳು ಲಾಯರಮ್ಮ. ಆಚೆ ಟೀಮಿಗೂ ಕೇಳ್ಲಿ."