ಮುಸ್ಸಂಜೆಯ ಒಂದೇ ಕೂಗು

ಮೊನ್ನೆ ಮುಸ್ಸಂಜೆ ದೇವರ ದೀಪ ಹಚ್ಚಿ ಏಳುವಾಗ ಮರುಗದ ವಾಸನೆ ಬಂತು. ನಮ್ಮ ಮನೆಗೆ ಮರುಗ ತಂದು ವರ್ಷಗಳೇ ಆಗಿವೆ. ರಾಮಕೃಷ್ಣನಗರದ ಈ ಬೀದಿಗೆ ಹೂವಿನ ಗಾಡಿ ಬರುವುದು ಬೆಳಗ್ಗೆ ಮಾತ್ರ. "ಊದುಬತ್ತಿ ಇರ್ಬೇಕು ಬಿಡೇ," ಎಂದರು ನಮ್ಮ ಮನೆಯವರು, ಪೇಪರಿನಿಂದ ತಲೆಯನ್ನೂ ಎತ್ತದೆ. ಅವರಿಗೆ ಎಲ್ಲ ವಾಸನೆಯೂ ಊದುಬತ್ತಿಯೇ. ನನಗೆ ಮಾತ್ರ ಗುರುತು ಸಿಕ್ಕಿತು. ಅದು ಹೂವಿನಜ್ಜಿಯ ವಾಸನೆ.

ನಾನು ಚಿಕ್ಕವಳಿದ್ದಾಗ ಸರಸ್ವತಿಪುರಂನ ವಠಾರದಲ್ಲಿ ಅಜ್ಜಿಯದು ನಮ್ಮ ಪಕ್ಕದ ಮನೆ. ಒಂಟಿ ಜೀವ. ಸಂಜೆಯಾದರೆ ಜಗುಲಿಯ ಮೇಲೆ ಕೂತು ಕನಕಾಂಬರದ ನಡುವೆ ಮರುಗ ಸೇರಿಸಿ ಹೂ ಕಟ್ಟುತ್ತಿದ್ದಳು. ಬಾಳೆನಾರು ನೆನೆಸಿ ಕೊಡುವುದು ನನ್ನ ಕೆಲಸ. ಪಡುವಣದಲ್ಲಿ ಬೆಳ್ಳಿಚುಕ್ಕಿ ಕಂಡೊಡನೆ ಅವಳ ಕೈ ನಿಂತುಬಿಡುತ್ತಿತ್ತು.

ಆ ಚುಕ್ಕಿ ಹುಟ್ಟಿದ ಕಥೆಯನ್ನು ಅಜ್ಜಿ ತಗ್ಗಿದ ದನಿಯಲ್ಲಿ ಹೇಳುತ್ತಿದ್ದಳು. ಆಕಾಶದ ತಾಯಿಗೆ ಹೆಣ್ಣುಮಕ್ಕಳೋ ಹೆಣ್ಣುಮಕ್ಕಳು. ಕಿರಿಯವಳು ಹೂ ಬಿಡಿಸುತ್ತಾ ಹೊತ್ತು ಮರೆತಳು. ಎಲ್ಲರೂ ಬಂದರೆಂದುಕೊಂಡು ತಾಯಿ ಅಗುಳಿ ಹಾಕಿದಳು. ಹುಡುಗಿ ಬಾಗಿಲಲ್ಲಿ ಒಂದು ಸಲ ಕೂಗಿದಳು, ಒಳಗಿನ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಅಂದಿನಿಂದ ಎಲ್ಲ ಚುಕ್ಕಿಗಳಿಗಿಂತ ಮೊದಲೇ ಬಂದು ಒಬ್ಬಳೇ ಹೊರಗೆ ನಿಲ್ಲುತ್ತಾಳೆ. ಜೊತೆ ಬೇಕೆನಿಸಿದಾಗ ಕೆಳಗಿನವರನ್ನು ಕರೆಯುತ್ತಾಳೆ, ಗುರುತಿನವರ ದನಿಯಲ್ಲಿ...

"ಮುಸ್ಸಂಜೇಲಿ ಒಂದ್ಸಲ ಕರುದ್ರೆ ಓ ಅನ್ಬ್ಯಾಡ ಕಣಮ್ಮಣ್ಣಿ. ಮನೆಯೋರಾದ್ರೆ ಇನ್ನೊಂದ್ಸಲ ಕರೀತಾರೆ. ಅವ್ಳು ಕರೆಯೋದು ಒಂದೇ ಸಲ. ಓ ಅಂದೋರ್ನ ಕರ್ಕೊಂಡೋಗ್ಬುಡ್ತಾಳೆ."

ಅಮ್ಮಣ್ಣಿ ಎಂದು ನನ್ನನ್ನು ಕರೆಯುತ್ತಿದ್ದವಳು ಅವಳೊಬ್ಬಳೇ.

ಅಜ್ಜಿಯ ಕೈ ಏಕೆ ನಿಲ್ಲುತ್ತಿತ್ತೆಂದು ಅಮ್ಮ ಆಮೇಲೆ ಹೇಳಿದಳು. ಅಜ್ಜಿಗೆ ಒಬ್ಬಳೇ ಮಗಳು. ಗಂಡನ ಹೊಡೆತ ತಾಳಲಾರದೆ ಒಂದು ಮುಸ್ಸಂಜೆ ಓಡಿಬಂದು ಬಾಗಿಲಲ್ಲಿ "ಅವ್ವಾ" ಎಂದಿದ್ದಳಂತೆ. ಒಂದೇ ಸಲ. ಅಜ್ಜಿ ಚಿಲಕದ ಮೇಲೆ ಕೈಯಿಟ್ಟು ಇನ್ನೊಂದು ಕೂಗಿಗೆ ಕಾದಳು... ತೆರೆದಾಗ ಯಾರೂ ಇರಲಿಲ್ಲ. ಹೊಸ್ತಿಲಾಚೆ ಮುಡಿಯಿಂದ ಜಾರಿದ ಮರುಗದ ಕಡ್ಡಿಯೊಂದು ಬಿದ್ದಿತ್ತು. ಅವಳು ಬಸ್ಸಿಳಿದು ಬಂದದ್ದನ್ನು ಕಂಡವರಿದ್ದರು. ಹಿಂದಿರುಗಿ ಹೋದದ್ದನ್ನು ಕಂಡವರು ಯಾರೂ ಇಲ್ಲ. ಮಗಳು ಮತ್ತೆ ಸಿಗಲಿಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಸಂಜೆ, ಹೂ ಕಟ್ಟುತ್ತಿದ್ದ ಅಜ್ಜಿ ಇದ್ದಕ್ಕಿದ್ದಂತೆ ತಲೆ ಎತ್ತಿದಳು. ನನಗೇನೂ ಕೇಳಿಸಿರಲಿಲ್ಲ.

"ಓ... ಬಂದೆ ಕಣವ್ವ, ಬಂದ್ಬುಟ್ಟೆ!"

ಮಡಿಲ ಹೂವೆಲ್ಲ ಚೆಲ್ಲಿ ಎದ್ದಳು. ಗೇಟಿನ ಹತ್ತಿರ ಕುಸಿದಳು. ಅಮ್ಮ ನೀರು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೃದಯಾಘಾತ ಎಂದರು ಡಾಕ್ಟರು. ಇರಬಹುದು. ಮುಖದಲ್ಲಿ ನಗುವಿತ್ತಲ್ಲ, ಅದಕ್ಕೇನನ್ನುತ್ತಾರೋ ಕಾಣೆ.

ಆ ವಠಾರ ಈಗಿಲ್ಲ, ಅಲ್ಲೊಂದು ಟ್ಯುಟೋರಿಯಲ್ ಎದ್ದಿದೆ. ಮುಸ್ಸಂಜೆಯ ಒಂದು ಕೂಗಿಗೆ ನಾನು ಇಷ್ಟು ವರ್ಷ ಓಗೊಟ್ಟವಳಲ್ಲ. ಮನೆಯವರು ನಗುತ್ತಾರೆ, ನಗಲಿ.

ಮೊನ್ನೆ ಆ ವಾಸನೆಯ ಹಿಂದೆಯೇ ಬಾಗಿಲಾಚೆಯಿಂದ ದನಿ ಬಂತು. "ಅಮ್ಮಣ್ಣೀ..."

ಚಿಲಕದ ಮೇಲೆ ಕೈಯಿಟ್ಟು ನಿಂತೆ. ಇನ್ನೊಂದು ಕೂಗು ಬರಲಿಲ್ಲ. ಕಿಟಕಿಯಾಚೆ, ಎದುರು ಮನೆಯ ನೀರಿನ ಟ್ಯಾಂಕಿನ ಮೇಲೆ ಬೆಳ್ಳಿಚುಕ್ಕಿ. ಅಜ್ಜಿ ಹೋದ ಮೇಲೆ ಆ ಹೆಸರಿನಿಂದ ನನ್ನನ್ನು ಯಾರೂ ಕರೆದಿರಲಿಲ್ಲ. ಅದಕ್ಕಾಗಿ ಎಷ್ಟು ಹಂಬಲಿಸಿದ್ದೆನೆಂದು ನನಗೆ ಆಗಲೇ ತಿಳಿದದ್ದು. ಅವಳನ್ನು ಬಾಗಿಲಾಚೆ ಕಾಯಿಸಲು ನನ್ನಿಂದಾಗಲಿಲ್ಲ.

"ಓ," ಎಂದುಬಿಟ್ಟೆ.